ಹದಿನೇಳನೆಯ ಪದ

ಸುರಪುರದ ಆ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ ಯಾರನ್ನಾದರೂ ಕೇಳಿ ನೋಡಿ. ಪಾಠ ಮರೆತಿರುತ್ತಾರೆ, ಪಾಠ ಹೇಳಿದವರ ಮುಖವನ್ನೂ ಮರೆತಿರಬಹುದು. ಅಂಬ್ರಪ್ಪ ಕಾಕಾನನ್ನು ಮಾತ್ರ ಮರೆತಿರುವುದಿಲ್ಲ. ಮೂವತ್ತೆರಡು ವರ್ಷ ಅಲ್ಲಿನ ಮಕ್ಕಳು ಮನುಷ್ಯನ ಮನಸ್ಸು ಹೇಗಿರುತ್ತದೆಂದು ಪರೀಕ್ಷಿಸಿದ್ದು ಅವನೊಬ್ಬನ ಮೇಲೆಯೇ.

ಅಂಬ್ರಪ್ಪ ಆ ವಿಭಾಗದ ಪ್ರಯೋಗಾಲಯದ ಅಟೆಂಡರ್. ಬೀಗ ತೆಗೆಯುವುದು, ಕಸ ಹೊಡೆಯುವುದು, ಉಪಕರಣ ಒರೆಸಿ ಕಪಾಟಿಗೆ ಇಡುವುದು, ಇಷ್ಟಕ್ಕೆ ಅವನ ಸಂಬಳ. ಆದರೆ ಪ್ರಯೋಗಕ್ಕೆ ಇಬ್ಬರು ಬೇಕು. ಒಬ್ಬರು ಮಾಡುವವರು, ಇನ್ನೊಬ್ಬರು ಮಾಡಿಸಿಕೊಳ್ಳುವವರು. ಮಾಡಿಸಿಕೊಳ್ಳುವವನಿಗೆ ಅಲ್ಲಿ ಸಬ್ಜೆಕ್ಟ್ ಎಂದು ಹೆಸರು. ಪರೀಕ್ಷೆಯ ದಿನ ಪ್ರತಿ ವಿದ್ಯಾರ್ಥಿಯೂ ತನ್ನ ಸಬ್ಜೆಕ್ಟನ್ನು ತಾನೇ ಕರೆತರಬೇಕೆಂಬುದು ನಿಯಮ. ನಮ್ಮ ಹಳ್ಳಿ ಮಕ್ಕಳು ಬಸ್ಸು ಹಿಡಿದು ತಾವು ಬಂದು ಮುಟ್ಟುವುದೇ ದೊಡ್ಡದು, ಇನ್ನೊಬ್ಬರನ್ನು ಎಲ್ಲಿಂದ ತಂದಾರು? ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದ್ಯಾಕೆಂದು ಎಲ್ಲರೂ ಅಂಬ್ರಪ್ಪನನ್ನೇ ಕೂರಿಸಿಕೊಳ್ಳುತ್ತಿದ್ದರು.

ಅವನು ದೇವಾಪುರದವನು. ಅಪ್ಪ ಕಂಡವರ ಹೊಲದಲ್ಲಿ ದುಡಿದವನು. ಏಳನೆಯ ತರಗತಿಗೆ ಓದು ಬಿಟ್ಟ ಅಂಬ್ರಪ್ಪ ದಿನಗೂಲಿಯ ಮೇಲೆ ಕಾಲೇಜಿಗೆ ಸೇರಿದಾಗ ಹೊಸ ವಿಭಾಗಕ್ಕೆ ಆಗಷ್ಟೇ ಪೆಟ್ಟಿಗೆಗಳು ಬಂದಿದ್ದವು. ಆಗಿನ ಮೇಷ್ಟ್ರು ಒಂದು ಪೆಟ್ಟಿಗೆ ಬಿಚ್ಚಿ, ಮೇಜಿನ ಮೇಲೆ ಕನ್ನಡಿ ನಿಲ್ಲಿಸಿ, "ಕುರ್ಚಿ ಮ್ಯಾಲ ಕೂಡೋ ಅಂಬ್ರಪ್ಪ" ಎಂದರು. ಅವನು ಹಿಂದೆ ತಿರುಗಿ ನೋಡಿದ, ತನ್ನ ಹೆಸರಿನವನು ಇನ್ನೊಬ್ಬ ಇದ್ದಾನೇನೋ ಎಂದು. ಅಲ್ಲಿಯವರೆಗೆ ಅವನು ಕುರ್ಚಿಗಳನ್ನು ಒರೆಸಿದ್ದ, ಹೊತ್ತಿದ್ದ. ಓದಿದವರ ಎದುರು ಅದರ ಮೇಲೆ ಕೂತಿರಲಿಲ್ಲ.

ಅಂದು ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕಿತ್ತು. ಬಲಕ್ಕೆ ಎಂದರೆ ಕೈ ಎಡಕ್ಕೆ ಓಡುತ್ತಿತ್ತು. ಬೆವರಿಳಿಯಿತು. ಮುಗಿದ ಮೇಲೆ ಮೇಷ್ಟ್ರು ಪೆನ್ನು ತೆಗೆದು ಕೇಳಿದರು:

"ಈಗ ಹೇಳು. ನಿನಗ ಒಳಗ ಹ್ಯಾಂಗ ಅನಿಸ್ತು?"

ಪ್ರಯೋಗದ ಕೊನೆಗೆ ಈ ಪ್ರಶ್ನೆ ಕೇಳಲೇಬೇಕು. ಸಬ್ಜೆಕ್ಟ್ ಹೇಳಿದ್ದನ್ನು 'ಅಂತರಾವಲೋಕನ ವರದಿ' ಎಂಬ ತಲೆಬರಹದ ಕೆಳಗೆ ಬರೆಯಬೇಕು. ಅದಕ್ಕೆ ಎರಡು ಅಂಕ. ಅಂಬ್ರಪ್ಪನಿಗೆ ಅಂಕದ ಮಾತು ಗೊತ್ತಿರಲಿಲ್ಲ. ಇಪ್ಪತ್ತೇಳು ವರ್ಷದ ಆಯುಷ್ಯದಲ್ಲಿ ಯಾರೂ ಕೇಳದ ಮಾತನ್ನು ಒಬ್ಬರು ಕೇಳಿದರು, ಅದೂ ಪೆನ್ನು ಹಿಡಿದು. ಅವನು ಹೇಳುತ್ತಾ ಹೋದ.

ಅಂದಿನಿಂದ ಹುಚ್ಚು ಹಿಡಿಯಿತು ಎನ್ನಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಲಗೆಯಲ್ಲಿ ಕೊರೆದ ದಾರಿಯಲ್ಲಿ ಕಡ್ಡಿ ಆಡಿಸುವುದು, ಒಂದೇ ಅಳತೆಯ ಎರಡು ಗೆರೆಗಳಲ್ಲಿ ಯಾವುದು ಉದ್ದ ಎಂದು ಮೋಸಹೋಗುವುದು, ಅರ್ಥವಿಲ್ಲದ ಅಕ್ಷರ ಬಾಯಿಪಾಠ ಮಾಡುವುದು, ಯಾವುದಕ್ಕೂ ಸೈ. ಕೊನೆಯ ಪ್ರಶ್ನೆ ಬರುವ ತನಕ ಅವನಿಗೆ ಸಮಾಧಾನವಿಲ್ಲ. ಹೆಂಡತಿ ಮೋನಮ್ಮ ನಗುತ್ತಿದ್ದಳು. "ಮನ್ಯಾಗ ನಾ ಕೇಳಿದ್ರ ಹೂಂ ಅಂತೀರಿ, ಇಲ್ಲಂದ್ರ ಹಾಂ ಅಂತೀರಿ. ಅಲ್ಲಿ ಹುಡುಗ್ರ ಮುಂದ ಪುರಾಣ ಹೇಳ್ತೀರಂತ." ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ರಂಗಂಪೇಟೆಯ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಇಬ್ಬರೇ, ಅದರಲ್ಲಿ ಮಾತಾಡುವವಳು ಅವಳೊಬ್ಬಳೇ.

ಮೋನಮ್ಮ ಸತ್ತು ಹನ್ನೊಂದು ವರ್ಷವಾಯಿತು. ಬೇಸಿಗೆಯ ಪ್ರಾಯೋಗಿಕ ಪರೀಕ್ಷೆಗಳು ಶುರುವಾಗುವ ದಿನ ಮುಂಜಾನೆ ಅವಳು ಹೊಸ್ತಿಲಲ್ಲಿ ಕೂತು, "ಎದಿ ಉರಿಯಾಕತ್ತದ, ಇವತ್ತೊಂದಿನ ಹೋಗಬ್ಯಾಡ್ರಿ" ಎಂದಳು. "ಸೋಡಾ ಕುಡಿ. ಪ್ರಯೋಗಾಲಯದ ಕೀಲಿ ನನ್ನ ಹತ್ರ ಅದ" ಎಂದು ಅವನು ಸೈಕಲ್ ಹತ್ತಿದ. ಹನ್ನೊಂದು ಗಂಟೆಗೆ ಪಕ್ಕದ ಮನೆಯ ದೇವಕಮ್ಮ ಕಾಲೇಜಿನ ಗೇಟಿನಲ್ಲಿ ನಿಂತು ಅಳುತ್ತಿದ್ದಳು.

ಮಣ್ಣಿಗೆ ಬಂದವರಿಗೆಲ್ಲ ಅವನು ಹೇಳಿದ್ದು, ಒಮ್ಮೆಗೇ ಆಯಿತು, ಯಾರ ಕೈಯಲ್ಲಿ ಏನೂ ಇರಲಿಲ್ಲ ಎಂದು. ಒಂಬತ್ತನೆಯ ದಿನ ಕೆಲಸಕ್ಕೆ ಬಂದ. ಕೊನೆಯ ತಂಡದ ಪರೀಕ್ಷೆ ಉಳಿದಿತ್ತು. ಹಾಸ್ಟೆಲಿನ ಒಬ್ಬ ಹುಡುಗಿ, ಹೆಸರು ಕೂಡ ಅವನಿಗೆ ನೆನಪಿಲ್ಲ, ಸಬ್ಜೆಕ್ಟ್ ಇಲ್ಲದೆ ಕಣ್ಣು ತುಂಬಿಕೊಂಡು ನಿಂತಿದ್ದಳು. ಅಂಬ್ರಪ್ಪ ಕೂತ. ಅವಳದು ಪದಗಳ ಪ್ರಯೋಗ. ಅವಳೊಂದು ಪದ ಹೇಳಬೇಕು, ಕೇಳಿದ ಕೂಡಲೇ ಹೊಳೆದ ಪದವನ್ನು ಇವನು ಹೇಳಬೇಕು. ಎಷ್ಟು ಸೆಕೆಂಡು ಹಿಡಿಯಿತೆಂದು ಸ್ಟಾಪ್‌ವಾಚ್ ನೋಡಿ ಅವಳು ಬರೆದುಕೊಳ್ಳಬೇಕು. ಅಂದು ತಾನು ಏನೇನು ಉತ್ತರ ಕೊಟ್ಟೆನೆಂಬುದು ಅವನ ತಲೆಯಲ್ಲಿ ಉಳಿಯಲಿಲ್ಲ. ಕೊನೆಯ ಪ್ರಶ್ನೆಗೆ ಹೇಳಿದ್ದು ಮಾತ್ರ ಉಳಿದಿದೆ.

"ಕೀಲಿ ಅದ ಅಂತ ಸುಳ್ಳು ನೆವ ಹೇಳಿ ಬಂದ್ನವ್ವ" ಎಂದಿದ್ದ. "ಇನ್ನೊಂದು ಕೀಲಿ ಆಫೀಸಿನ್ಯಾಗ ಮೊಳಿಗಿ ಇತ್ತು. ಯಾರರೆ ತೆಗೀತಿದ್ರು. ಅವತ್ತ ಆರು ಮಂದಿ ನನ್ನನ್ನ ಕೂಡಸ್ಕೊಳ್ಳೋರಿದ್ರು. ಆ ಆಸೇಕ್ಕ ಬಂದೆ. ಆಕಿ ಒಬ್ಬಾಕೀನ ಬಿಟ್ಟು ಬಂದೆ."

ಹುಡುಗಿ ತಲೆ ತಗ್ಗಿಸಿ ಬರೆಯುತ್ತಿದ್ದಳು. ಪೆನ್ನು ಓಡುವುದನ್ನು ಅವನು ಕಣ್ಣಾರೆ ಕಂಡ. ಆ ಮಾತನ್ನು ಅವನು ಮತ್ತೆ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಅನಿಸಲೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಆ ಮುಂಜಾನೆ ನೆನಪಾದರೆ, ಅದನ್ನು ಬರೆದಿಟ್ಟಿದೆ, ಕಪಾಟಿನಲ್ಲಿದೆ ಎಂದುಕೊಂಡು ರೊಟ್ಟಿ ಮುರಿಯುತ್ತಿದ್ದ. ಹಾಗೆ ಹನ್ನೊಂದು ವರ್ಷ ನಡೆಯಿತು.

ಹೋದ ವರ್ಷ ಶಹಾಪುರದಿಂದ ಸುಮಂಗಲಾ ಮೇಡಂ ಬಂದರು. ಅತಿಥಿ ಉಪನ್ಯಾಸಕಿ, ದಿನಾ ಬಸ್ಸಿನಲ್ಲಿ ಓಡಾಡುವವರು, ಚುರುಕು ಕಣ್ಣು. ಕಣ್ಣು ಕಟ್ಟಿ ದಾರಿ ಹುಡುಕುವ ಪ್ರಯೋಗದಲ್ಲಿ ಅಂಬ್ರಪ್ಪನ ತಪ್ಪುಗಳನ್ನು ನೋಡಿದರು. ಮೊದಲ ಸಲ ಹದಿನಾಲ್ಕು, ಆಮೇಲೆ ಹನ್ನೊಂದು, ಎಂಟು, ಐದು, ಎರಡು, ಕೊನೆಗೆ ಸೊನ್ನೆ. ಪುಸ್ತಕದಲ್ಲಿ ಅಚ್ಚಾದ ಗ್ರಾಫಿಗೂ ಇಷ್ಟು ಚಂದ ಇಳಿಜಾರಿಲ್ಲ.

"ಅಂಬ್ರಪ್ಪಣ್ಣ, ಖರೇ ಹೇಳ್ರಿ. ಬೇಕಂತ ತಪ್ಪು ಮಾಡ್ತೀರೇನು?"

"ಹೌದ್ರಿ ಮೇಡಂ. ದಾರಿ ನನಗ ನಿದ್ದ್ಯಾಗೂ ಬರ್ತದ. ಒಮ್ಮಿಗೇ ಸರಿ ಮಾಡಿದ್ರ ಹುಡುಗ್ರ ಗ್ರಾಫ್ ಕೆಡ್ತದಲ್ರಿ?"

ಮೇಡಂ ನಕ್ಕರು, ಆದರೆ ಬಿಡಲಿಲ್ಲ. ಅಭ್ಯಾಸ ಬಿದ್ದವನ ಮೇಲೆ ಪ್ರಯೋಗ ಮಾಡಿದರೆ ಫಲಿತಾಂಶಕ್ಕೆ ಬೆಲೆಯಿಲ್ಲ ಎಂದರು. "ಇನ್ನ ಹೊಸಬರನ್ನೇ ಕರಕೊಂಡು ಬರ್ಲಿ. ನೀವು ಕೂಡೋದು ಬ್ಯಾಡ್ರಿ." ಅವರು ಹೇಳಿದ್ದು ನ್ಯಾಯವೇ. ನ್ಯಾಯದಿಂದ ಯಾರ ಹೊಟ್ಟೆ ತುಂಬಿದೆ? ಆ ವರ್ಷವಿಡೀ ಅಂಬ್ರಪ್ಪ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಒಳಗೆ ಹುಡುಗರು ತಮ್ಮ ಅಣ್ಣನನ್ನೋ ಗೆಳೆಯನನ್ನೋ ಕೂರಿಸಿಕೊಂಡು ನಗುವುದನ್ನು ಕೇಳಿದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಮನೆಯಲ್ಲಂತೂ ಕೇಳುವವರಿಲ್ಲ.

ಈ ಮೇ ತಿಂಗಳ ಕೊನೆಗೆ ಅವನ ನಿವೃತ್ತಿ. ಅದೇ ವಾರ ಕಪಾಟು ಖಾಲಿ ಮಾಡಬೇಕೆಂದು ಆಫೀಸಿನಿಂದ ಚೀಟಿ ಬಂತು. ಹುಡುಗರು ಪ್ರಯೋಗ ಬರೆದ ಹಳೆಯ ರೆಕಾರ್ಡ್ ಪುಸ್ತಕಗಳೆಲ್ಲ ರದ್ದಿಗೆ. ರದ್ದಿಯ ಬಾಷುಮಿಯಾ ತಿಂಗಳ ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಗಾಡಿ ತರುತ್ತಾನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆ ದಿನ ಅಂಬ್ರಪ್ಪ ಮೇಡಂ ಹತ್ತಿರ ಹೋಗಿ ನಿಂತ. "ಒಂದು ಪುಸ್ತಕ ಮನಿಗಿ ಒಯ್ಯಲೇನ್ರಿ?"

"ಬೇಕಾದ್ದು ಒಯ್ರಿ. ಯಾವ್ದು?"

"ನಾ ಹೇಳಿದ ಮಾತು ಒಂದು ಅದರಾಗ ಅದರಿ. ಅದು ರದ್ದಿಗಿ ಹೋಗಬಾರದ್ರಿ."

ಮೇಡಂ ಜೊತೆಗೆ ಕೂತು ಕಟ್ಟು ಬಿಚ್ಚಿದರು. ಮೋನಮ್ಮ ಸತ್ತ ವರ್ಷದ ಕಟ್ಟು ಸಿಕ್ಕಿತು. ಪದಗಳ ಪ್ರಯೋಗ ಮಾಡಿದವರು ಮೂವರು, ಕೊನೆಯ ತಂಡದವಳು ಒಬ್ಬಳೇ. ರಟ್ಟಿನ ಮೇಲೆ ದುಂಡಗಿನ ಅಕ್ಷರ: ಭೀಮಾಬಾಯಿ, ದೋರನಹಳ್ಳಿ. ಅಂಬ್ರಪ್ಪ ಕೊನೆಯ ಪುಟ ತೆಗೆದು, ಅಕ್ಷರಕ್ಕೆ ಬೆರಳಿಟ್ಟು ಓದಿದ.

'ಅಂತರಾವಲೋಕನ ವರದಿ: ಪ್ರಯೋಗವು ಆಸಕ್ತಿದಾಯಕವಾಗಿತ್ತು. ನನ್ನ ಮನಸ್ಸಿಗೆ ಸಂತೋಷವಾಯಿತು.'

ಮತ್ತೊಮ್ಮೆ ಓದಿದ. ಪುಟ ತಿರುವಿದ, ಹಿಂದೆ ಏನೂ ಇರಲಿಲ್ಲ. ಇನ್ನೊಂದು ಪುಸ್ತಕ ತೆಗೆದ. ಪ್ರಯೋಗವು ಆಸಕ್ತಿದಾಯಕವಾಗಿತ್ತು. ಬೇರೆ ವರ್ಷದ ಕಟ್ಟು ಬಿಚ್ಚಿದ. ಮನಸ್ಸಿಗೆ ಸಂತೋಷವಾಯಿತು. ಯಾರೋ ಪುಣ್ಯಾತ್ಮ ಎಂದೋ ಬರೆದ ಎರಡು ಸಾಲನ್ನು ಮೂವತ್ತಮೂರು ವರ್ಷದ ಮಕ್ಕಳೆಲ್ಲ ಕಾಪಿ ಹೊಡೆದಿದ್ದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅಪ್ಪ ಸತ್ತ ವರ್ಷವೂ ಅವನಿಗೆ ಸಂತೋಷವಾಗಿತ್ತು. ಹೆಂಡತಿ ಸತ್ತ ಒಂಬತ್ತನೆಯ ದಿನವೂ ಸಂತೋಷವಾಗಿತ್ತು.

"ಬರೀತಿದ್ಲ್ರಿ" ಎಂದ ಅಂಬ್ರಪ್ಪ. "ನಾ ನೋಡೀನ್ರಿ. ಪೆನ್ ಓಡ್ತಿತ್ತು."

ಅವನ ಧ್ವನಿಯಲ್ಲಿ ಸಿಟ್ಟಿತ್ತು. ಆ ಕೋಣೆಯಲ್ಲಿ ಅವನು ಸಿಟ್ಟಾದದ್ದು ಅದೇ ಮೊದಲು. ಪುಸ್ತಕವನ್ನು ರದ್ದಿಯ ರಾಶಿಗೆ ಎಸೆದು, ಗೋಡೆಯ ಕಡೆ ಮುಖ ಮಾಡಿ ಕೂತ. ಹನ್ನೊಂದು ವರ್ಷ ಜೋಪಾನವಾಗಿದೆ ಎಂದುಕೊಂಡ ಗಂಟಿನಲ್ಲಿ ಏನೂ ಇರಲಿಲ್ಲ.

ಸುಮಂಗಲಾ ಮೇಡಂ ಆ ಪುಸ್ತಕವನ್ನು ಎತ್ತಿಕೊಂಡು, ಬೇರೆ ವರ್ಷಗಳ ಇನ್ನೆರಡನ್ನು ತೆಗೆದು, ಪದಗಳ ಪಟ್ಟಿಯ ಪುಟಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಪದಗಳು ಪ್ರತಿ ವರ್ಷವೂ ಅವೇ ಇಪ್ಪತ್ತೈದು.

"ಅಂಬ್ರಪ್ಪಣ್ಣ, ಇಲ್ಲಿ ನೋಡ್ರಿ. ಈ ಪಟ್ಟಿ ಯಾರಿಗೂ ಕಾಪಿ ಹೊಡೆಯಾಕ ಬರಂಗಿಲ್ಲ. ನೀವಂದದ್ದೇ ಬರೀಬೇಕು." ಹದಿನೇಳನೆಯ ಪದದ ಮೇಲೆ ಬೆರಳಿಟ್ಟರು. ಮನೆ. ಮೋನಮ್ಮ ಬದುಕಿದ್ದಾಗಿನ ಪುಸ್ತಕದಲ್ಲಿ ಅದರ ಎದುರು 'ಮೋನಮ್ಮ', ಒಂದು ಸೆಕೆಂಡು. ಮೂರು ವರ್ಷದ ಹಿಂದಿನದರಲ್ಲಿ 'ಬೀಗ', ಅದಕ್ಕೂ ಒಂದೇ ಸೆಕೆಂಡು. ಭೀಮಾಬಾಯಿಯ ಪುಸ್ತಕದಲ್ಲಿ ಪದವಿಲ್ಲ, ಬರೀ ಒಂದು ಗೀಟು.

"ಗೀಟಂದ್ರ ನೀವು ಏನೂ ಅಂದಿಲ್ಲಂತ. ಮೂವತ್ತು ಸೆಕೆಂಡಿನ್ಯಾಗ ಉತ್ತರ ಬರಲಿಲ್ಲಂದ್ರ ಗೀಟ್ ಹಾಕಿ ಮುಂದಿನ ಪದ ಕೇಳಬೇಕು, ಅದು ನಿಯಮ. ಈಗ ಟೈಮ್ ನೋಡ್ರಿ."

ಗೀಟಿನ ಪಕ್ಕ ದುಂಡಗಿನ ಅಂಕಿಯಲ್ಲಿ ೧೪೨ ಎಂದಿತ್ತು. ಅದರ ಸುತ್ತ ಕೆಂಪು ಶಾಯಿಯ ವೃತ್ತ. ಅಂಚಿನಲ್ಲಿ ಪರೀಕ್ಷಕರ ಬರಹ: 'ನಿಯಮ ಪಾಲಿಸಿಲ್ಲ. ಎರಡು ಅಂಕ ಕಡಿತ.'

"ಈ ಹುಡುಗಿ ಮುಂದಿನ ಪದ ಕೇಳಿಲ್ಲ ನೋಡ್ರಿ" ಎಂದರು ಮೇಡಂ. "ಕಾಯ್ಕೊಂತ ಕೂತಾಳ."

ಅಂಬ್ರಪ್ಪ ಆ ಅಂಕಿಯನ್ನೇ ನೋಡುತ್ತ ಕೂತ. ಮೇಡಂ ಮೆಲ್ಲಗೆ ಕೇಳಿದರು, "ಅವತ್ತ ಏನು ಹೇಳಿದ್ರಿ? ನನ್ನ ಮುಂದ ಹೇಳ್ತೀರೇನು? ನಾ ಬರಕೊಂತೇನಿ."

"ಒಮ್ಮಿ ಹೇಳೀನ್ರಿ ಮೇಡಂ" ಎಂದ ಅವನು. "ಆತ್ರಿ."

ಶಹಾಪುರದ ಬಸ್ಸಿನ ಹೊತ್ತಾಯಿತೆಂದು ಮೇಡಂ ಹೋದರು. ಬಾಷುಮಿಯಾ ಬಂದು, ರಾಶಿಯನ್ನು ಗಾಡಿಗೆ ತುಂಬಿ ಹೋದ. ಖಾಲಿ ಕೋಣೆಯಲ್ಲಿ ಅಂಬ್ರಪ್ಪ ಕಪಾಟಿನಿಂದ ಹಳೆಯ ಸ್ಟಾಪ್‌ವಾಚ್ ತೆಗೆದು ಕೀಲಿ ಕೊಟ್ಟ. ತನ್ನ ಎಂದಿನ ಕುರ್ಚಿಯಲ್ಲಿ ಕೂತು, ಎದುರಿನ ಕುರ್ಚಿಯನ್ನು ಸರಿಯಾಗಿ ಎಳೆದಿಟ್ಟು, ಗುಂಡಿ ಒತ್ತಿದ. ನೂರ ನಲವತ್ತೆರಡು ಎಂದರೆ ಮುಳ್ಳು ಎರಡು ಸುತ್ತು ಬಂದು ಮೇಲೆ ಇಪ್ಪತ್ತೆರಡು. ಮೊದಲ ಸುತ್ತಿಗೇ ಹೊರಗೆ ಒಂದು ಟಂಟಂ ಆಟೊ ಬಂದು, ಮಂದಿ ಇಳಿಸಿ, ಮತ್ತೆ ಹೋಯಿತು. ಎರಡನೆಯ ಸುತ್ತಿನಲ್ಲಿ ಎದ್ದುಬಿಡಬೇಕೆನಿಸಿತು. ಸುಮ್ಮನೆ ಕೂತ ಮನುಷ್ಯನ ಎದುರು ಇಷ್ಟು ಹೊತ್ತು ಕೂಡುವುದು ಸಣ್ಣ ಮಾತಲ್ಲ. ಪರೀಕ್ಷಕರು ಓಡಾಡುತ್ತಿರುವಾಗ, ಅಂಕ ಹೋಗುತ್ತದೆಂದು ಗೊತ್ತಿದ್ದೂ ಒಂದು ಹುಡುಗಿ ಕೂತಿದ್ದಳು. ಅವಳ ಮುಖ ನೆನಪಿಸಿಕೊಳ್ಳಲು ಅವನು ಬಹಳ ಪ್ರಯತ್ನಪಟ್ಟ. ನೆನಪಾಗಲಿಲ್ಲ. ಅವನಿಗೆ ಅಳು ಬಂತು, ಅತ್ತ.

ಆಮೇಲೆ ವಾಚನ್ನು ಡಬ್ಬಿಯಲ್ಲಿಟ್ಟು, ಬೀಗ ಹಾಕಿ, ಭೀಮಾಬಾಯಿಯ ಪುಸ್ತಕವನ್ನು ಕಂಕುಳಲ್ಲಿ ಹಿಡಿದುಕೊಂಡು ಆಫೀಸಿಗೆ ಹೋದ. ಕ್ಲಾರ್ಕ್ ಪರಮಣ್ಣ ಅವನ ಕೀಲಿ ತೆಗೆದುಕೊಂಡು, ಗೋಡೆಯ ಮೊಳೆಗೆ, ಅಲ್ಲೇ ತೂಗುತ್ತಿದ್ದ ಇನ್ನೊಂದು ಕೀಲಿಯ ಪಕ್ಕ ಹಾಕಿದ.

"ಆಯ್ತಲ್ರಿ ಅಂಬ್ರಪ್ಪಣ್ಣ. ಇನ್ನ ಆರಾಮ ಮನಿ?"

ಅಂಬ್ರಪ್ಪ ಬಾಯಿ ತೆರೆದ. ಉತ್ತರ ಬರುವಷ್ಟರಲ್ಲಿ ಪರಮಣ್ಣ ಮುಂದಿನ ಫೈಲು ತೆಗೆದಿದ್ದ.