ಬಾಳೆನಾರಿನೊಳಗಿನ ಗುಳ್ಳೆ

ನೀರುದೋಸೆಯಲ್ಲಿ ತೂತು ಬೀಳದಿದ್ದರೆ ನನ್ನ ಅಜ್ಜಿಯ ಮುಖ ಬಾಡುತ್ತಿತ್ತು. ಅಂಥ ಅಡುಗೆಮನೆಯಲ್ಲಿ ಬೆಳೆದ ನಾನು ಮೊನ್ನೆ ಎಳ್ಳಿನಷ್ಟು ಗುಳ್ಳೆಗೆ ಹೆದರಿ ಊಟ ಬಿಟ್ಟೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ.

ರೆಸಿನ್ ಎಂದರೆ ಜೇನಿನಂಥ ದ್ರವ. ಗಟ್ಟಿ ಮಾಡುವ ಇನ್ನೊಂದು ದ್ರವ ಬೆರೆಸಿ ಸಿಲಿಕೋನ್ ಅಚ್ಚಿಗೆ ಹೊಯ್ದರೆ ಮರುದಿನ ಗಾಜಿನಂತೆ ನಿಲ್ಲುತ್ತದೆ. ಮೊಬೈಲ್ ನೋಡಿ ಕಲಿತು, ಒಳಗೆ ಚಿಪ್ಪು, ಎಲೆ ಸೇರಿಸಿ ಕೀಚೈನ್ ಮಾಡಿ ಕಾಪುವಿನ ನೆಂಟರಿಗೆಲ್ಲ ಹಂಚಿದವಳು ನಾನು. ಆ ಸುದ್ದಿ ಕೇಳಿಯೇ ಪಕ್ಕದ ಮನೆಯ ಸಿಸಿಲಿಯಾ ಬಾಯಿ ಬಂದದ್ದು. ಕೈಯಲ್ಲಿ ಪ್ರಾರ್ಥನೆ ಪುಸ್ತಕ, ಅದರೊಳಗೆ ಬೆರಳುದ್ದದ ಒಣ ಮಲ್ಲಿಗೆ ಮಾಲೆ. ಅವರ ಅಮ್ಮ ಕಟ್ಟಿದ ಕೊನೆಯದು.

"ಬರುವ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಅಮ್ಮ ಹೋಗಿ ವರ್ಷ ಆಗ್ತದೆ ಅಕ್ಕ. ಪುಡಿಯಾಗುವ ಮೊದಲು ನಿಮ್ಮ ಆ ಗಾಜಿನಲ್ಲಿ ಹಾಕಿ ಕೊಡಿ. ಇನ್ನೊಂದು ಇಲ್ಲ, ಆಯ್ತಾ?"

ಚಿಂತೆಯ ಮೊದಲ ಗುಳ್ಳೆ ಎದ್ದದ್ದು ಆಗ. ಬಾಯಿ ಮನೆಗೆ ಹೋದ ಮೇಲೆ ಜಗಲಿಯಲ್ಲಿ ಕೂತು ಮಾಲೆಯನ್ನು ಬಾಳೆಯೆಲೆಯ ಮೇಲಿಟ್ಟೆ. ಅಜ್ಜಿ ಪಳಗಿಸಿದ ಕೈ, ತನ್ನಷ್ಟಕ್ಕೆ ನಾಲ್ಕು ಹನಿ ನೀರು ಚಿಮುಕಿಸಿಬಿಟ್ಟಿತು. ನಮ್ಮ ಕಡೆ ಮಲ್ಲಿಗೆ ಕಂಡ ಕೈ ಬೇರೆಂತ ಮಾಡುತ್ತದೆ? ಆದರೆ ತೇವ ರೆಸಿನ್ನಿಗೆ ವೈರಿ. ಮಂಕಾಗಿ ಗುಳ್ಳೆ ಕಟ್ಟುತ್ತದೆ. ತೇವ ಹೀರಲೆಂದು ಎಂಟು ದಿನ ಮಾಲೆಯನ್ನು ಅಕ್ಕಿಡಬ್ಬದಲ್ಲಿ ಹುಗಿದಿಟ್ಟೆ. ಬಾಯಿ ಬೇಲಿಯಾಚೆಯಿಂದ "ಎಲ್ಲಿಗೆ ಬಂತು ಅಕ್ಕ?" ಅಂದಾಗಲೆಲ್ಲ "ಆಗ್ತಾ ಉಂಟು" ಅಂದೆ. ಆಗುತ್ತಿದ್ದದ್ದು ತಟ್ಟೆಯಲ್ಲಿಟ್ಟ ಅನ್ನ ತಣ್ಣಗೆ, ಅಷ್ಟೆ.

ಗುಳ್ಳೆ ಕ್ಷಣಿಕ ಎಂದು ವೇದಾಂತಿಗಳು ಹೇಳುತ್ತಾರೆ. ಅವರು ರೆಸಿನ್ ಹೊಯ್ದವರಲ್ಲ. ಇಲ್ಲಿ ಒಡೆಯದೆ ಉಳಿದ ಗುಳ್ಳೆ ಹೊಯ್ದವಳಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಶುಕ್ರವಾರ ಧೈರ್ಯ ಮಾಡಿದೆ. ರೆಸಿನ್ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ತೆಳುವಾಗಿಸಿದೆ. ನಿದ್ದೆಹೋದ ಮಗುವಿನ ತೊಟ್ಟಿಲು ತೂಗುವಷ್ಟು ಮೆಲ್ಲಗೆ ಕಲಸಿದೆ. ಹೂವಿಗೆ ಮೊದಲು ಕುಂಚದಲ್ಲಿ ತೆಳ್ಳಗೆ ಹಚ್ಚಿ, ಆಮೇಲೆ ಅಚ್ಚಿನ ಒಂದೇ ಮೂಲೆಗೆ ನೂಲಿನಂತೆ ಧಾರೆ ಬಿಟ್ಟೆ. ಮೇಲೆದ್ದ ಗುಳ್ಳೆಗಳನ್ನು ಹಲ್ಲುಕಡ್ಡಿಯಿಂದ ಚುಚ್ಚಿದೆ. ಹೂಗಳೆಲ್ಲ ಮಾತು ಕೇಳಿದವು. ಅವನ್ನು ಕಟ್ಟಿದ ಬಾಳೆನಾರು ಕೇಳಲಿಲ್ಲ. ಅದರ ಪೊಳ್ಳಿನಿಂದ ಒಂದು ಗುಳ್ಳೆ ಹೊರಟು, ಸರಿಯಾಗಿ ಕೊನೆಯ ಗಂಟಿನ ಪಕ್ಕ ಕೂತಿತು. ಕಡ್ಡಿ ಹಾಕಿದರೆ ಗಂಟು ಬಿಚ್ಚೀತು, ಬಿಟ್ಟರೆ ಶಾಶ್ವತ. ಕಡ್ಡಿ ಕೆಳಗಿಟ್ಟೆ.

ಭಾನುವಾರ ಬೆಳಿಗ್ಗೆ ಬಾಯಿ ಅಚ್ಚಿನಿಂದ ಬಿಡಿಸಿದ ಗಾಜನ್ನು ಮೊದಲು ಮೂಗಿಗೆ ಹಿಡಿದರು. ಮತ್ತೆ ಕಿಟಕಿಯ ಬೆಳಕಿಗೆ.

"ಎಡಗೈಯಲ್ಲಿ ಹಾಕಿದ ಗಂಟು. ಅಮ್ಮನದೇ."

ನಾನು ಸುಮ್ಮನಿರಬಹುದಿತ್ತು. "ಅಲ್ಲೊಂದು ಗುಳ್ಳೆ ಉಂಟು ಬಾಯಿ" ಅಂದೆ.

"ಕಂಡಿತು. ನೀವು ನೀರು ಚಿಮುಕಿಸಿದ್ದೂ ಕಂಡಿತ್ತು, ಬೇಲಿಯಿಂದ. ನಿಮ್ಮ ಮುಖ ನೋಡಿಯೇ ಎಂತದೋ ತಪ್ಪಾಯ್ತು ಅಂತ ಗೊತ್ತಾಯ್ತು. ಹೇಳಿದರೆ ಇನ್ನೂ ಹೆದರ್ತೀರಿ ಅಂತ ಬಾಯಿ ಮುಚ್ಚಿಕೊಂಡೆ. ನನಗೂ ಎಂಟು ದಿನ ಗಂಜಿ ಇಳಿಯಲಿಲ್ಲ ಅಕ್ಕ."

ಒಂದೇ ಚಿಂತೆಯನ್ನು ಬೇಲಿಯ ಎರಡು ಬದಿಯಲ್ಲಿ ಕೂತು ಇಬ್ಬರೂ ಬೇರೆಬೇರೆ ಕಲಸಿದ್ದೆವು. ಮೊದಲೇ ಬಾಯಿಬಿಟ್ಟಿದ್ದರೆ ಅರ್ಧ ಗಾಳಿ ಅಲ್ಲೇ ಹೊರಟುಹೋಗುತ್ತಿತ್ತು.