ಹಿತ್ತಿಲ ಕಿಟಕಿಯ ಕೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ನಿಂತ ಹೆಂಗಸೊಬ್ಬರು ಪುಟ್ಟ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಹಿತ್ತಿಲ ಕಡೆಯ ಸರಳಿಲ್ಲದ ಕಿಟಕಿಯ ಚೌಕಟ್ಟನ್ನು ಬೆರಳಿನಿಂದ ಸವರಿ ನೋಡುತ್ತಿದ್ದಾರೆ. ಸ್ಟೂಲು ಅಲುಗದಂತೆ ಹಿಡಿದು ನಿಂತವರು ಈ ಮನೆಯಲ್ಲಿ ಬಾಡಿಗೆಗಿರುವ ಟೈಲರಮ್ಮ. ಬಾಗಿಲಲ್ಲಿ ಕೈಕಟ್ಟಿ ನಿಂತವರು ಮನೆಯ ಓನರ್. ಎದ್ದದ್ದೇ ಮುಖ ಗಂಟು ಹಾಕಿಕೊಂಡು ಬಂದಿದ್ದಾರೆ ಪುಣ್ಯಾತ್ಮರು.

"ನೋಡಮ್ಮ, ತಂತಿ ಜೋಡಿಸಿಯಾದ್ರೂ ಇವತ್ತು ಇದರ ಬಾಯಿ ಮುಚ್ಚಿಸಿ, ಇಲ್ಲಾ ಕಿತ್ತುಕೊಂಡು ಹೋಗಿ. ಬೀದಿಯವರ ಹತ್ರ ಬೈಸಿಕೊಂಡು ಸಾಕಾಗಿಹೋಗಿದೆ ನನಗೆ."

ಬಾಯಿ ಮುಚ್ಚಿಸಬೇಕಾಗಿರುವುದು ಕಳ್ಳರು ಬಂದರೆ ಕೂಗುವ ಅಲಾರಮ್ಮಿನದು. ಹಳೇ ಕಾಲದ್ದು. ಪ್ರತಿ ಕಿಟಕಿ, ಬಾಗಿಲಿನ ಚೌಕಟ್ಟಿಗೆ ಒಂದು ಸಣ್ಣ ಸ್ವಿಚ್ಚು, ತೆರೆದು ಮುಚ್ಚುವ ರೆಕ್ಕೆಗೆ ಒಂದು ಆಯಸ್ಕಾಂತ. ಎರಡೂ ಹತ್ತಿರ ಇರುವವರೆಗೆ ನಡುಮನೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯುತ್ತದೆ. ದೂರವಾದರೆ ಹೊರಗೋಡೆಯ ಸೈರನ್ನು ಬೀದಿಯನ್ನೇ ಎಬ್ಬಿಸುತ್ತದೆ. ಇಂಥವನ್ನು ಈಗ ಯಾರೂ ಮಾಡುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ, ರಿಪೇರಿಗೆ ಕರೆದರೆ ಮೂಗು ಮುರಿಯುವವರೇ ಎಲ್ಲ. ಸ್ಟೂಲಿನ ಮೇಲಿರುವ ಈ ಐವತ್ತರ ಹೆಂಗಸು ಮಾತ್ರ ಬರುತ್ತಾರೆ. ಊರಲ್ಲಿ ಅವರಿಗೆ ಸೈರನ್ ಅಕ್ಕ ಅಂತಲೇ ಹೆಸರು.

ಕಸುಬು ಮೊದಲು ಗಂಡನದಾಗಿತ್ತು. ವರ್ಷಗಟ್ಟಲೆ ಸೈರನ್ನಿನ ಪಕ್ಕದಲ್ಲೇ ತಲೆಯಿಟ್ಟು ಕೆಲಸ ಮಾಡಿ ಅವರ ಎರಡೂ ಕಿವಿ ಹೋದವು. ಈಗ ಅವರು ಮನೆಯಲ್ಲೇ ಕುಳಿತು ಹಾಳಾದ ಬೋರ್ಡುಗಳಿಗೆ ಬೆಸುಗೆ ಹಾಕುತ್ತಾರೆ. ಸೈರನ್ನು ಕೂಗುತ್ತಿದೆಯೋ ಇಲ್ಲವೋ ಅಂತ ಅಂಗೈ ಇಟ್ಟು ತಿಳಿದುಕೊಳ್ಳುತ್ತಾರೆ. ಮನೆಮನೆ ಸುತ್ತುವ ಕೆಲಸ ಅಕ್ಕನ ಪಾಲಿಗೆ ಬಂದಿದೆ. "ನಮ್ಮನೇಲಿ ನೆಟ್ಟಗೆ ಜಗಳ ಆಡೋಕೂ ಆಗಲ್ಲ. ಅವ್ರು ಬೆನ್ನು ತಿರುಗಿಸಿದ್ರೆ ಮುಗೀತು, ನಾನು ಬೈದಿದ್ದೆಲ್ಲ ಗೋಡೆಗೆ" ಎಂದು ನಗುತ್ತಾರೆ. ನಗು ನಿಂತ ಮೇಲೆ ತಮ್ಮ ಎಡಗಿವಿಯನ್ನು ತೋರಿಸುತ್ತಾರೆ. ಅದರಲ್ಲೂ ಹಗಲಿರುಳು ಒಂದು ಸಿಳ್ಳೆ ಶುರುವಾಗಿದೆ. ಗಂಡನಿಗೆ ಇನ್ನೂ ಹೇಳಿಲ್ಲ.

ದಿನಕ್ಕೆ ನಾಲ್ಕೈದು ಮನೆ. ತುಕ್ಕು ಹಿಡಿದ ತಂತಿ, ಸತ್ತ ಬ್ಯಾಟರಿ, ಇಲಿ ಕಡಿದ ವೈರು, ಸ್ವಿಚ್ಚಿನೊಳಗೆ ಗೂಡು ಕಟ್ಟಿದ ಇರುವೆ. ಇದರ ಜೊತೆಗೆ ಜನರ ಬೈಗುಳ ಬೇರೆ. "ಕೂಗದಿದ್ರೆ ದಂಡ ಅಂತಾರೆ, ಕೂಗಿದ್ರೆ ಪೀಡೆ ಅಂತಾರೆ. ಯಾವುದಕ್ಕೆ ಅಂತ ಕೂಗ್ಲಿ ಪಾಪ ಅದು?" ಎನ್ನುತ್ತಾರೆ ಅಕ್ಕ.

ಓನರ್ ಹೇಳುತ್ತಿರುವ ಉಪಾಯ ಕಸುಬಿನವರಿಗೆಲ್ಲ ಗೊತ್ತಿರುವಂಥದ್ದೇ. ತೊಂದರೆ ಕೊಡುವ ಕಿಟಕಿಯ ಎರಡು ತಂತಿಗಳನ್ನು ಪೆಟ್ಟಿಗೆಯೊಳಗೇ ಬೆರಳುದ್ದದ ವೈರಿನಿಂದ ಜೋಡಿಸಿಬಿಡುವುದು. ಆಮೇಲೆ ಆ ಕಿಟಕಿಯನ್ನು ಹಾರುಹೊಡೆದಂತೆ ತೆಗೆದಿಟ್ಟರೂ ಪೆಟ್ಟಿಗೆಯ ಪಾಲಿಗೆ ಅದು ಮುಚ್ಚಿಯೇ ಇರುತ್ತದೆ. ಎಷ್ಟೋ ಮೆಕ್ಯಾನಿಕ್‌ಗಳು ಹೀಗೆ ಮಾಡಿ ಕೈತೊಳೆದುಕೊಳ್ಳುತ್ತಾರೆ. ಅಕ್ಕ ಒಲ್ಲೆ ಅನ್ನುತ್ತಾರೆ. "ಹಸಿರು ದೀಪ ನೋಡಿ ಮನೆಯವ್ರು ನಂಬಿ ಮಲಗ್ತಾರೆ. ಅದಕ್ಕಿಂತ ಅಲಾರಂ ಇಲ್ಲದೇ ಇರೋದೇ ವಾಸಿ. ಇಲ್ಲ ಅಂತ ಗೊತ್ತಿದ್ರೆ ಚಿಲಕನಾದ್ರೂ ಎರಡು ಸಲ ನೋಡ್ತಾರೆ."

ಟೈಲರಮ್ಮ ಈ ಮನೆ ಹಿಡಿದದ್ದೇ ಈ ಪೆಟ್ಟಿಗೆಗಾಗಿ. ಹೊಡೆದು ಹಲ್ಲು ಮುರಿದ ಗಂಡನನ್ನು ಬಿಟ್ಟು ಮಗಳನ್ನು ಕಟ್ಟಿಕೊಂಡು ಬಂದವರು ಅವರು. ಹುಡುಕಿಕೊಂಡು ಬಂದು ಮುಗಿಸುತ್ತೇನೆ ಅಂತ ಅವನು ಹೇಳಿ ಕಳಿಸಿದ್ದಾನೆ. "ಮನೆ ನೋಡೋಕೆ ಬಂದಾಗ ನಾನು ನಲ್ಲಿ ನೋಡ್ಲಿಲ್ಲ, ಬಚ್ಚಲು ನೋಡ್ಲಿಲ್ಲ. ಈ ಪೆಟ್ಟಿಗೆ ಕೆಲಸ ಮಾಡುತ್ತಾ ಅಂತ ಕೇಳ್ದೆ, ಅಷ್ಟೇ" ಎನ್ನುತ್ತಾರೆ. ಬಂದ ಮೇಲೆ ಕೆಲವು ತಿಂಗಳು ತಾಯಿ ಮಗಳು ಕಣ್ತುಂಬ ನಿದ್ದೆ ಮಾಡಿದ್ದಾರೆ.

ಹೋದ ತಿಂಗಳಿಂದ ಅಲಾರಂ ಬೆಳಗಿನ ಜಾವ ಸುಮ್ಮಸುಮ್ಮನೆ ಕೂಗತೊಡಗಿದೆ. ದಿನಾ ಅಲ್ಲ, ಆಗೊಮ್ಮೆ ಈಗೊಮ್ಮೆ. ಯಾವಾಗಲೂ ಈ ಹಿತ್ತಿಲ ಕಿಟಕಿಯದೇ ರಗಳೆ. ಅಕ್ಕ ಮೊದಲ ಸಲ ಬಂದು ಬ್ಯಾಟರಿ ಬದಲಾಯಿಸಿದ್ದಾರೆ. ಎರಡನೇ ಸಲ ಸ್ವಿಚ್ಚನ್ನೇ ಹೊಸದು ಹಾಕಿದ್ದಾರೆ. ಎರಡು ಸಲವೂ ಹೋಗುವಾಗ ಟೈಲರಮ್ಮನ ಬೆನ್ನು ತಟ್ಟಿ, "ಸುಳ್ಳು ಕೂಗು ಕಣಮ್ಮ, ಹೆದರ್ಬೇಡಿ" ಅಂದಿದ್ದಾರೆ. ಚಳಿಗೆ ಮರ ಕುಗ್ಗಿ ಸಂದು ಬಿಡುತ್ತಿರಬಹುದು, ಆ ಹೊತ್ತಿನಲ್ಲೇ ನೋಡಬೇಕು ಅಂತ ಇವತ್ತು ನಸುಕಿನಲ್ಲೇ ಬಂದಿದ್ದಾರೆ.

ಸಂದು ಬಿಟ್ಟಿಲ್ಲ. ಆಯಸ್ಕಾಂತ ಇದ್ದಲ್ಲೇ ಇದೆ. ಆದರೆ ಅಂಗೈಯಿಂದ ಒತ್ತಿದರೆ ಕಿಟಕಿಯ ರೆಕ್ಕೆ ಅಲುಗಾಡುತ್ತದೆ. ಅಕ್ಕ ಸ್ಟೂಲಿನಿಂದ ಇಳಿದು, ಟಾರ್ಚ್ ಕೈಗೆ ತೆಗೆದುಕೊಂಡು, ಹಿತ್ತಿಲಿಗೆ ಹೋಗುತ್ತಾರೆ. ಉಳಿದಿಬ್ಬರೂ ಹಿಂದೆಯೇ ಹೋಗುತ್ತಾರೆ.

ಹೊರಗಿನಿಂದ ನೋಡಿದರೆ ಎಲ್ಲ ಕಣ್ಣಿಗೆ ಹೊಡೆಯುವಂತಿದೆ. ಮೇಲಿನ ಕೀಲಿನ ಸ್ಕ್ರೂಗಳು ತುಕ್ಕು ಹಿಡಿದು ಕೆಂಪಾಗಿವೆ. ಕೆಳಗಿನ ಕೀಲಿನಲ್ಲಿ ಉಳಿದ ಸ್ಕ್ರೂವಿನ ತಲೆ ಸವೆದು ಥಳಥಳ ಹೊಳೆಯುತ್ತಿದೆ, ಇನ್ನೆರಡು ಸ್ಕ್ರೂ ಇಲ್ಲವೇ ಇಲ್ಲ. ಚೌಕಟ್ಟಿನಲ್ಲಿ ಉಳಿ ತೂರಿಸಿದ ಹಸಿ ಗಾಯ. ಕಿಟಕಿಯ ಕೆಳಗೆ, ಒಂದರ ಮೇಲೊಂದು ಇಟ್ಟಿಗೆ ಪೇರಿಸಿಟ್ಟಿದ್ದಾರೆ ಯಾರೋ, ಕಾಲಿಟ್ಟು ನಿಲ್ಲುವ ಹಾಗೆ.

"ಇದು ನಾವಿಟ್ಟಿದ್ದಲ್ಲ" ಎನ್ನುತ್ತಾರೆ ಟೈಲರಮ್ಮ. ಉಳಿಯ ಗಾಯವನ್ನು ಬೆರಳಿನಿಂದ ಮುಟ್ಟಿ, "ಅವನು ಬಡಗಿ ಕೆಲಸದವನು" ಎನ್ನುತ್ತಾರೆ.

ಟೈಲರಮ್ಮ ಗೋಡೆ ಹಿಡಿದು ನಿಲ್ಲುತ್ತಾರೆ. "ಅಕ್ಕಾ, ಮೊನ್ನೆ ಕೂಗಿದಾಗ ನಾನು ಈ ಕಡೆ ನೋಡ್ಲೂ ಇಲ್ಲ. ಸುಳ್ಳು ಕೂಗು ಅಂದಿದ್ರಲ್ಲ ನೀವು. ಪೆಟ್ಟಿಗೆ ಆರಿಸಿ ಹೋಗಿ ಮಗಳ ಪಕ್ಕ ಮಲಗಿಬಿಟ್ಟೆ. ಅವನು ಇಲ್ಲೇ ಇದ್ನೇನೋ. ಇಲ್ಲೇ ನಿಂತಿದ್ನೇನೋ."

ಸೈರನ್ ಅಕ್ಕ ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತಾರೆ. "ತಪ್ಪು ನನ್ನದು ಕಣಮ್ಮ. ನಮ್ಮ ಕಸುಬಿನ ರೋಗ ಇದು. ಕೂಗ್ತು ಅಂದ್ರೆ ಮೊದಲು ಪೆಟ್ಟಿಗೆನೇ ಅನುಮಾನಿಸ್ತೀವಿ. ಕಳ್ಳ ಬಂದಿರಬಹುದು ಅನ್ನೋದೇ ಹೊಳೆಯಲ್ಲ."

ಓನರ್ ನಡುವೆ ಬಾಯಿ ಹಾಕುತ್ತಾರೆ. "ಹಾಗಾದ್ರೆ ಇನ್ನೂ ಕಷ್ಟ ಆಯ್ತಲ್ಲ. ಇಂಥ ರಗಳೆ ಇರೋರಿಗೆ ಮನೆ ಕೊಟ್ಟು ನಾನು..."

ಅಕ್ಕ ತಟ್ಟನೆ ಎದ್ದು ನಿಲ್ಲುತ್ತಾರೆ. "ಸಾರ್, ಇಷ್ಟು ದಿನ ಇದು ಕೂಗಿದ್ದಕ್ಕೇ ಅವನು ಓಡಿಹೋಗಿದ್ದಾನೆ. ನೀವು ಹೇಳಿದಂಗೆ ತಂತಿ ಜೋಡಿಸಿದ್ದಿದ್ರೆ ಇವತ್ತು ಬಾಗಿಲು ಒಡೆದು ಒಳಗೆ ಹೋಗ್ಬೇಕಾಗಿದ್ದೋರು ನೀವೇ. ಏನು ನೋಡ್ಬೇಕಾಗ್ತಿತ್ತೋ!" ಓನರ್ ಇಟ್ಟಿಗೆಗಳನ್ನು ಕಾಲಿನಿಂದ ತಳ್ಳಿ ನೋಡುತ್ತಾರೆ. ಕೊನೆಗೆ, ತಿಂಗಳು ಮುಗಿಯುವವರೆಗೆ ಇರಲಿ, ಆಮೇಲೆ ನೋಡೋಣ ಅಂದು ಹೊರಟುಹೋಗುತ್ತಾರೆ. ಅಕ್ಕ ಫೋನ್ ಮಾಡಿದ ಮೇಲೆ ಪೊಲೀಸರೊಬ್ಬರು ಬರುತ್ತಾರೆ, ಕಿಟಕಿಗೆ ಕಬ್ಬಿಣದ ಸರಳು ಹಾಕಿಸಿಕೊಳ್ಳಿ ಅನ್ನುತ್ತಾರೆ, ಹೋಗುತ್ತಾರೆ.

ಅಕ್ಕ ಕೀಲಿಗೆ ಉದ್ದನೆಯ ಹೊಸ ಸ್ಕ್ರೂ ಬಿಗಿಯುತ್ತಾರೆ. ಕಿಟಕಿಗೆ ಇನ್ನೊಂದು ಸ್ವಿಚ್ಚನ್ನು ಕೆಳಗಡೆ ಜೋಡಿಸುತ್ತಾರೆ. ಇಟ್ಟಿಗೆಗಳನ್ನು ತಾವೇ ಎತ್ತಿ ಬೀದಿಯ ತುದಿಗೆ ಹಾಕಿ ಬರುತ್ತಾರೆ. ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡದೆ ಮನೆ ಬಿಡುವವರಲ್ಲ ಅವರು. ಟೈಲರಮ್ಮನ ಕೈಯಿಂದಲೇ ಕಿಟಕಿ ತೆಗೆಸುತ್ತಾರೆ.

ಸೈರನ್ನು ಎದೆ ನಡುಗಿಸುವಂತೆ ಕಿರುಚುತ್ತದೆ. ಅಕ್ಕ ಎಡಗಿವಿಗೆ ಅಂಗೈ ಒತ್ತಿಕೊಂಡು ಬೀದಿಯ ಕಡೆ ನೋಡುತ್ತಾ ನಿಲ್ಲುತ್ತಾರೆ. ಎದುರು ಮನೆಯ ಮಹಡಿಯಲ್ಲಿ ಪರದೆ ಸರಿಯುತ್ತದೆ. "ಮತ್ತೆ ಶುರುವಾಯ್ತಾ ಇದರ ಪೀಡೆ!" ಎಂದು ಯಾರೋ ಕೂಗುತ್ತಾರೆ. ಪಕ್ಕದ ಮನೆಯ ಕಿಟಕಿ ರಪ್ಪನೆ ಮುಚ್ಚಿಕೊಳ್ಳುತ್ತದೆ. ಒಬ್ಬರೂ ಕೆಳಗಿಳಿದು ಬರುವುದಿಲ್ಲ.

ಸೈರನ್ನು ಆರಿಸಿ, ಚೀಲ ಹೆಗಲಿಗೇರಿಸಿಕೊಂಡು ಹೊರಟವರನ್ನು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಒಂದಷ್ಟು ದೂರ ನಡೆದ ಮೇಲೆ ತಾವಾಗಿಯೇ ಹೇಳುತ್ತಾರೆ:

"ದೊಡ್ಡದೇನಿಲ್ಲ. ಇದು ಕೂಗಿದಾಗ ಯಾರಾದ್ರೂ ಒಬ್ರು, ಬೈಯೋಕಲ್ಲ, ಏನಾಯ್ತು ಅಂತ ನೋಡೋಕೆ ಎದ್ದು ಬರ್ಬೇಕು. ನಾನೇ ನೋಡಿರ್ಲಿಲ್ವಲ್ಲ, ಅವರನ್ನ ಯಾವ ಬಾಯಲ್ಲಿ ಕೇಳ್ಲಿ?"