ಮೇಲಿನ ತಟ್ಟೆಗಳು

ರೊಳ್ಳದ ಆದಿಲಕ್ಷ್ಮಿಯ ಗಂಡ ಚಿಕ್ಕತಿಮ್ಮಯ್ಯನ ಎದೆಗೆ ಪೇಸ್‌ಮೇಕರ್ ಕೂರಿಸಿ ಆರು ವರ್ಷವಾಗಿತ್ತು. ಅದರ ತಂತಿ ಕರೆಂಟಿಗೆ ಒಡ್ಡುವ ತಡೆ ಪ್ರತಿ ತಪಾಸಣೆಯಲ್ಲೂ ಐನೂರು ಓಮ್‌ನ ಆಸುಪಾಸಿನಲ್ಲೇ ಇರುತ್ತಿತ್ತು. ಈ ಸಲ ಡಾಕ್ಟರು ಎಡಗೈ ಮೇಲೆತ್ತಿಸಿದಾಗ ಅಂಕಿ ಎರಡು ಸಾವಿರಕ್ಕೆ ನೆಗೆಯಿತು. ಇಳಿಸಿದೊಡನೆ ಮತ್ತೆ ಐನೂರಕ್ಕೆ ಬಂತು.

"ತಂತಿ ಒಳಗೇ ಮುರೀತಾ ಇದೆ, ಬದಲಾಯಿಸಬೇಕು. ಕೈಯೆತ್ತಿ ಭಾರದ ಕೆಲಸ ಮಾಡ್ತೀರಾ?"

"ಇಲ್ಲ ಸಾರ್," ಎಂದ ಚಿಕ್ಕತಿಮ್ಮಯ್ಯ.

ಪಕ್ಕದಲ್ಲೇ ಕೂತಿದ್ದ ಆದಿಲಕ್ಷ್ಮಿ ತುಟಿ ಬಿಚ್ಚಲಿಲ್ಲ. ಅವಳಿಗೆ ಭುಜದ ನೋವು ಹಿಡಿದಾಗಿನಿಂದ, ಅವಳು ಏಳುವಷ್ಟರಲ್ಲಿ ಕೈಯೆತ್ತಿದರಷ್ಟೇ ಎಟುಕುವ ರೇಷ್ಮೆಹುಳದ ಮೇಲಿನ ತಟ್ಟೆಗಳಿಗೆಲ್ಲ ಸೊಪ್ಪು ಬಿದ್ದಿರುತ್ತಿತ್ತು.

ಹೊಸ ತಂತಿ ಹಾಕುವ ಹಿಂದಿನ ದಿನವೇ ಅವನು ತೀರಿಹೋದ.

"ನಿಂಗೆ ಗೊತ್ತೇ ಆಗ್ಲಿಲ್ವೇನಮ್ಮ?" ಎಂದು ಅವನ ಅಕ್ಕ ಅತ್ತಳು.

"ಅವ್ರು ಸೊಪ್ಪು ಹಾಕೋದು ಗೊತ್ತಿತ್ತು ಕಣಕ್ಕ," ಎಂದಳು ಆದಿಲಕ್ಷ್ಮಿ. "ನನ್ ಭುಜಕ್ಕೆ ಹಾಯಾಗಿತ್ತು. ಸುಮ್ಕಿದ್ದೆ."